ಗೋಡೆ ಕುಡಿದ ಬಣ್ಣ

ಮಂಗಳೂರಿನಲ್ಲಿ ಆಟಿ ತಿಂಗಳ ಮಳೆ ಹಿಡಿಯಿತೆಂದರೆ ಒಣಗುವುದು ಎಂಬುದೇ ಇರುವುದಿಲ್ಲ. ಹಗ್ಗದ ಮೇಲಿನ ಬಟ್ಟೆ, ಅಂಗಳದ ಮುರಕಲ್ಲು, ಕಪಾಟಿನೊಳಗಿನ ಪುಸ್ತಕ ಎಲ್ಲವೂ ತೇವ ಹೀರಿ ಭಾರವಾಗುತ್ತವೆ, ಹೊರಗೋಡೆಗಳು ನಾಲ್ಕೇ ದಿನದಲ್ಲಿ ಪಾಚಿ ತೊಡುತ್ತವೆ. ಅಂಥದೊಂದು ಮಧ್ಯಾಹ್ನ ಬಾವುಟಗುಡ್ಡೆಯ ಏರು ಹತ್ತಿ, ಕೊಡೆಯ ನೀರು ಕೊಡವಿ, ಸಂತ ಅಲೋಶಿಯಸ್ ಚಾಪೆಲ್‌ನ ಒಳಹೊಕ್ಕರೆ ಮೊದಲು ಬರೀ ಬಣ್ಣ ಕಾಣುತ್ತದೆ. ಆಮೇಲೆ ಕಣ್ಣು ಮಬ್ಬಿಗೆ ಒಗ್ಗುತ್ತ ಬಂದಂತೆ ಆ ಬಣ್ಣದೊಳಗಿಂದ ಒಂದು ನಿಲುವಂಗಿಯ ಮಡಿಕೆ, ಒಂದು ಚಾಚಿದ ಕೈ, ಮೇಲೆತ್ತಿದ ಒಂದು ಮುಖ ತಾವಾಗಿ ಮೂಡಿ ಬರುತ್ತವೆ, ಅಂಚಿನುದ್ದಕ್ಕೂ ನೂರಿಪ್ಪತ್ತು ವರ್ಷಗಳಿಂದ ಬಾಡದ ಹೂವು ಬಳ್ಳಿಗಳು.

ಈ ಚಿತ್ರಗಳನ್ನು ಬರೆದವರು ಇಟಲಿಯ ಬೆರ್ಗಾಮೊ ಸಮೀಪದ ಸ್ಟೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದ, ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿ. ಕೆಲವನ್ನು ಕ್ಯಾನ್‌ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದರು. ಗೋಡೆಗೆ ಹಿಡಿದದ್ದು ಹಸಿಗಾರೆಯ ದಾರಿ. ಆ ದಿನ ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಸುಣ್ಣದ ಗಾರೆ ಬಳಿದು, ಅದು ಆರುವ ಮೊದಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಅಂಟು ಬೇಡ, ಎಣ್ಣೆ ಬೇಡ, ಸುಣ್ಣವೇ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮೆಲ್ಲಗೆ ಕಲ್ಲಾಗುತ್ತ ಬಣ್ಣವನ್ನು ತನ್ನೊಳಗೆ ಕಟ್ಟಿಹಾಕುತ್ತದೆ. ಕೈ ತಪ್ಪಿದರೆ ಅಷ್ಟು ಗಾರೆಯನ್ನು ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ತೇವವನ್ನು ಬೈದುಕೊಂಡೇ ಬದುಕುವ ಊರಿನಲ್ಲಿ, ಆ ತೇವವನ್ನೇ ನಂಬಿ ಒಬ್ಬರು ಸಂತರ ಮುಖಗಳನ್ನು ಗೋಡೆಗೆ ಕುಡಿಸಿದರಲ್ಲ ಎಂದು ನೆನೆದಾಗ ಮಾತು ನಿಲ್ಲುತ್ತದೆ. ನನಗೆ ಪ್ರಾರ್ಥನೆ ಅಷ್ಟಾಗಿ ಬಾರದು. ಆದರೂ ಅಲ್ಲಿ ಬೆಂಚಿನ ತುದಿಯಲ್ಲಿ ಕೂತವರ ತುಟಿ ಅಲುಗುವುದನ್ನು ನೋಡುತ್ತ, ಹೊರಗೆ ಸುರಿಯುವ ನೀರಿನ ಸದ್ದು ಕೇಳುತ್ತ ಕೂತಿರುವುದು ಅದಕ್ಕೆ ಬಹಳ ದೂರವೇನಲ್ಲ ಅನ್ನಿಸುತ್ತದೆ.

ಒಂದು ಚಿತ್ರದಲ್ಲಿ ತರುಣ ಅಲೋಶಿಯಸ್ ರೋಮಿನ ಪಿಡುಗಿನ ರೋಗಿಗಳ ನಡುವೆ ಇದ್ದಾರೆ. ಆ ಸೇವೆಯಲ್ಲೇ ಸೋಂಕು ತಗುಲಿ 1591ರಲ್ಲಿ, 23ನೆಯ ವಯಸ್ಸಿಗೆ ತೀರಿಕೊಂಡವರು. ಮೊಸ್ಕೇನಿ ಇಲ್ಲಿ ಕುಂಚ ಹಿಡಿಯುವ ಹೊತ್ತಿಗೆ ಮುಂಬಯಿಗೆ 1896ರಲ್ಲಿ, ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದಾಗಿತ್ತು. ಆ ಚಿತ್ರದ ಮುಂದೆ ಅಂದು ಮಂಡಿಯೂರಿದವರಿಗೆ ರೋಮು ದೂರದ ಊರಾಗಿ ಕಂಡಿರಲಾರದು.

ಅಲೋಶಿಯಸ್ ಹುಟ್ಟಿದ್ದು 1568ರಲ್ಲಿ. ಗುಡ್ಡದ ಕೆಳಗೆ ರೊಸಾರಿಯೊ ಇಗರ್ಜಿ ಮೊದಲು ಎದ್ದದ್ದೂ ಅದೇ ವರ್ಷ. ಅತ್ತ ಮಿಲಾಗ್ರಿಸ್ ಇಗರ್ಜಿ, 1680ರದು, ಕೆಡವಿಸಿಕೊಂಡು ಮತ್ತೆ ಎದ್ದದ್ದು. ಇಂಥ ಇಗರ್ಜಿಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳು ಬುಟ್ಟಿ ತುಂಬ ಹೂ ತಂದು ಕನ್ನಿಕೆ ಮರಿಯಮ್ಮನಿಗೆ ಅರ್ಪಿಸುತ್ತಾರೆ, ಹೊಸ ಭತ್ತದ ತೆನೆ ಆಶೀರ್ವಾದ ಪಡೆದು ಮನೆಮನೆಗೆ ಹೋಗುತ್ತದೆ.

ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಚಾಪೆಲ್ ನೋಡಲು ಹೋಗುವವರು ಮೊಬೈಲು ಜೇಬಿನಲ್ಲೇ ಇಟ್ಟು ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆಯಾದರೂ ಕೂತು ಬನ್ನಿ. ಗೋಡೆಯನ್ನು ಮಾತ್ರ ಮುಟ್ಟಬೇಡಿ; ಬೆರಳಿನ ಬೆವರು ಆ ಬಣ್ಣಕ್ಕೆ ಒಳ್ಳೆಯದಲ್ಲ.