ಮತದಾರರ ಮೇಲೆ ಹೊರಿಸಿದ ಎರಡು ಆರೋಪ

ಪ್ರತಿ ಚುನಾವಣೆ ಮುಗಿದಾಗಲೂ ಮತದಾರರ ತಲೆಗೆ ಎರಡು ಆರೋಪ ಕಟ್ಟುತ್ತೇವೆ. ನಗರದವರು ಸೋಮಾರಿಗಳು, ಹಳ್ಳಿಯವರು ದುಡ್ಡಿಗೆ ಮಾರಿಕೊಂಡವರು. 2024ರ ಲೋಕಸಭಾ ಚುನಾವಣೆಯಲ್ಲಿ ಮತದಾನ ಬೆಂಗಳೂರು ದಕ್ಷಿಣದಲ್ಲಿ ಶೇ 53ರಷ್ಟು, ಮಂಡ್ಯದಲ್ಲಿ ಶೇ 81ರಷ್ಟಾಯಿತು. ಇಂಥ ಅಂಕಿಗಳನ್ನು ಮುಂದಿಟ್ಟುಕೊಂಡು ಜನರ ನಡತೆಯನ್ನು ಅಳೆಯುವುದು ಸುಲಭ. ಆದರೆ ದೋಷ ಹೆಚ್ಚಾಗಿ ಇರುವುದು ಮತದಾರರ ಪಟ್ಟಿಯಲ್ಲಿ ಮತ್ತು ಖರ್ಚಿನ ಕಾನೂನಿನಲ್ಲಿ.

ಶೇಕಡಾವಾರು ತೆಗೆಯುವುದು ಊರಿನಲ್ಲಿ ವಾಸವಾಗಿರುವವರ ಮೇಲಲ್ಲ, ಪಟ್ಟಿಯಲ್ಲಿರುವ ಹೆಸರುಗಳ ಮೇಲೆ. ರಾಜಾಜಿನಗರದ ಬಾಡಿಗೆ ಮನೆ ಬಿಟ್ಟು ವೈಟ್‌ಫೀಲ್ಡ್‌ಗೆ ಹೋದವರ ಹಳೆಯ ಹೆಸರು ಅಳಿಯದೆ ಉಳಿದರೆ, ಅವರು ಹೊಸ ಬೂತಿನಲ್ಲಿ ಓಟು ಹಾಕಿಯೂ ಹಳೆಯ ಬೂತಿನಲ್ಲಿ ಗೈರುಹಾಜರು. ತೀರಿಕೊಂಡವರ ಹೆಸರಿನದೂ ಇದೇ ಪಾಡು. ಮತಗಟ್ಟೆ ಅಧಿಕಾರಿಯ ಕೈಗೆ ಗೈರು, ಸ್ಥಳಾಂತರ, ಮೃತ ಎಂದು ಗುರುತಿಸಿದವರ ಪ್ರತ್ಯೇಕ ಪಟ್ಟಿಯನ್ನೇ ಕೊಟ್ಟಿರುತ್ತಾರೆ. ಅವರಲ್ಲಿ ಬಹುತೇಕರು ಬರಲಾರರೆಂದು ವ್ಯವಸ್ಥೆಗೆ ಮೊದಲೇ ಗೊತ್ತು, ಆದರೂ ಲೆಕ್ಕದಲ್ಲಿ ಅವರನ್ನು ಸೇರಿಸಿಯೇ ಭಾಗಿಸುತ್ತಾರೆ. ಪಟ್ಟಿ ಶುದ್ಧವಾದ ಮಾತ್ರಕ್ಕೆ ಬೆಂಗಳೂರು ಮಂಡ್ಯಕ್ಕೆ ಸಮನಾಗುತ್ತದೆಂದಲ್ಲ. ರಜೆ ಸಿಕ್ಕಿತೆಂದು ಪ್ರವಾಸಕ್ಕೆ ಹೊರಡುವವರು ಖಂಡಿತ ಇದ್ದಾರೆ. ಬೇಕೆಂದೇ ಬಾರದವರೆಷ್ಟು, ಆ ವಿಳಾಸದಲ್ಲೇ ಇಲ್ಲದವರೆಷ್ಟು ಎಂದು ಬೇರ್ಪಡಿಸದೆ ಇಡೀ ನಗರವನ್ನು ಬೈಯುವುದು ಅನ್ಯಾಯ. ಮತದಾನ ಏರಿದರೆ ಸರ್ಕಾರ ಬೀಳುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. 2004ರಲ್ಲಿ ಮತದಾನ ಹಿಂದಿನದಕ್ಕಿಂತ ಇಳಿದರೂ ಕೇಂದ್ರ ಸರ್ಕಾರ ಬಿತ್ತು. 2019ರಲ್ಲಿ ಏರಿದರೂ ಇದ್ದ ಸರ್ಕಾರವೇ ಮರಳಿತು.

ಹಣದ ವಿಷಯ ಇನ್ನೂ ಗಂಭೀರ. ನಮ್ಮಲ್ಲಿ ಅಭ್ಯರ್ಥಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ ಮೀರಿ ಖರ್ಚು ಮಾಡುವಂತಿಲ್ಲ ಎಂಬ ಮಿತಿ 2022ರಿಂದ ಇದೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ತಾರಾ ಪ್ರಚಾರಕರು ಹೆಲಿಕಾಪ್ಟರಿನಲ್ಲಿ ಬಂದಿಳಿದರೆ ಆ ಪ್ರಯಾಣದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅಭ್ಯರ್ಥಿಯದೇ ಎಂದು 1974ರಲ್ಲಿ ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ತೀರ್ಪಿನ ಬಲ ತೆಗೆಯಲು ಅದೇ ವರ್ಷ ಕಾಯ್ದೆಯನ್ನೇ ತಿದ್ದಿದರು.

ಹಂಚಿದ ನೋಟಿಗೆ ಓಟು ಬೀಳದಿದ್ದರೆ ಅಭ್ಯರ್ಥಿಗಳು ಯಾಕೆ ಹಂಚುತ್ತಾರೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮತದಾನ ಗುಪ್ತ. ಕೊಟ್ಟವರು ಬಟನ್ ಒತ್ತುವ ಬೆರಳನ್ನು ನೋಡಲಾರರು. ಪೈಪೋಟಿಯಲ್ಲಿ ಸೋತವರೂ ಹಂಚಿರುತ್ತಾರೆ. ಎದುರಾಳಿ ಕೊಟ್ಟು ತಾನು ಕೊಡದಿದ್ದರೆ ಹಿಂದೆ ಬಿದ್ದೇನೆಂಬ ಭಯವೇ ಕೈಯನ್ನು ಜೇಬಿಗೆ ಎಳೆಯುತ್ತದೆ. ಕೆಲವರ ಮನಸ್ಸು ಹಣಕ್ಕೆ ವಾಲುವುದನ್ನು ನಾನು ಅಲ್ಲಗಳೆಯುವುದಿಲ್ಲ. ಹಣದ ದೊಡ್ಡ ಕೆಲಸ ಮಾತ್ರ ಮತದಾನಕ್ಕೆ ಎಷ್ಟೋ ಮೊದಲು, ಟಿಕೆಟ್ ಹಂಚುವಾಗಲೇ ಮುಗಿದಿರುತ್ತದೆ. 2023ರಲ್ಲಿ ಕರ್ನಾಟಕ ವಿಧಾನಸಭೆಗೆ ಗೆದ್ದವರಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ತಮ್ಮದೇ ಪ್ರಮಾಣಪತ್ರದ ಪ್ರಕಾರ ಕೋಟ್ಯಧಿಪತಿಗಳು. ಅಂಗನವಾಡಿ ಕಾರ್ಯಕರ್ತೆಯೋ ಸಣ್ಣ ರೈತರೋ ಮತಯಂತ್ರದ ಮೇಲೆ ಹೆಸರಾಗಿ ಬರುವುದೇ ಅಪರೂಪವಾಗಿರುವಾಗ, ಯಾಕೆ ಶ್ರೀಮಂತರನ್ನೇ ಆರಿಸಿದಿರಿ ಎಂದು ಮತದಾರರನ್ನು ಕೇಳಿ ಏನು ಪ್ರಯೋಜನ?

ಟಿಕೆಟ್ ಹಂಚುವ ಪಕ್ಷಗಳಿಗೆ ಹಣ ಕೊಟ್ಟವರು ಯಾರೆಂಬುದನ್ನು 2018ರಿಂದ ಚುನಾವಣಾ ಬಾಂಡ್ ಮತದಾರರಿಂದ ಮುಚ್ಚಿಟ್ಟಿತ್ತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ಮತದಾರರಿಗೆ ತಿಳಿಯುವ ಹಕ್ಕಿದೆ ಎಂದಿತು. ಬಾಂಡ್ ಹೋಯಿತು. ಪಕ್ಷಗಳು ಎಷ್ಟಾದರೂ ಖರ್ಚು ಮಾಡಬಹುದಾದ ಕಾನೂನು ಹಾಗೆಯೇ ಇದೆ. ಅದನ್ನು ಬದಲಿಸುವ ಅಧಿಕಾರ ಇರುವುದು ಸಂಸತ್ತಿಗೆ, ಸರದಿಯಲ್ಲಿ ನಿಂತ ಮತದಾರರಿಗಲ್ಲ.