ಕಾಲಕೃತ ಜರೆ, ಅಕಾಲಕೃತ ಜರೆ

ಮುಪ್ಪನ್ನು ವಿಜ್ಞಾನವು ಎಂದಾದರೂ ನಿಲ್ಲಿಸಬಲ್ಲದೇ ಎಂಬ ಪ್ರಶ್ನೆಗೆ, ಯಾವ ಮುಪ್ಪು ಎಂದು ಮರುಪ್ರಶ್ನೆ ಹಾಕದೆ ಕೊಡುವ ಉತ್ತರಗಳೆಲ್ಲ ಅರ್ಧ ಉತ್ತರಗಳೇ ಆಗುತ್ತವೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನವು ಹಸಿವು, ಬಾಯಾರಿಕೆ, ನಿದ್ರೆ, ಮೃತ್ಯುಗಳೊಡನೆ ಜರೆಯನ್ನೂ, ಅಂದರೆ ಮುಪ್ಪನ್ನೂ, ಸ್ವಭಾವಜನ್ಯ ವ್ಯಾಧಿಗಳ ಸಾಲಿಗೆ ಸೇರಿಸಿ, ಅದರಲ್ಲಿ ಎರಡು ಬಗೆಗಳನ್ನು ಹೇಳುತ್ತದೆ: ದೇಹವನ್ನು ಚೆನ್ನಾಗಿ ಕಾಪಾಡಿಕೊಂಡರೂ ಹೊತ್ತಿಗೆ ಸರಿಯಾಗಿ ಬರುವುದು ಕಾಲಕೃತ, ಕಾಪಾಡದೆ ಹೋದುದರಿಂದ ಹೊತ್ತಿಗೆ ಮುಂಚೆಯೇ ಬರುವುದು ಅಕಾಲಕೃತ.

ಮುಂಬಯಿಯ ಧಾರಾವಿಯಲ್ಲಿ, ಸೌರಾಷ್ಟ್ರ ಮೂಲದ ಕುಂಬಾರರ ನೆಲೆಯಾದ ಕುಂಭಾರವಾಡದಲ್ಲಿ, ಈ ಭೇದದ ಬೆಲೆ ತಿಳಿಯುತ್ತದೆ. ಒಂದು ಸೆಕೆಂಡಿನಲ್ಲಿ ಬಲವಾಗಿ ಹೊರಬಿಡಬಲ್ಲ ಉಸಿರಿನ ಪ್ರಮಾಣವು ಆರೋಗ್ಯವಂತರಲ್ಲಿಯೂ ಯೌವನ ಕಳೆದ ಮೇಲೆ ವರ್ಷಕ್ಕೆ ಸುಮಾರು 30 ಮಿಲಿಲೀಟರಿನಷ್ಟು ಕುಗ್ಗುತ್ತದೆ, ಇದು ಕಾಲಕೃತ. ಹತ್ತಿಯ ಚಿಂದಿ ಉರಿಯುವ ಆವಿಗೆಗಳ ಹೊಗೆಯನ್ನು ಇಕ್ಕಟ್ಟಿನ ಓಣಿಗಳಲ್ಲಿ ವರ್ಷಗಟ್ಟಲೆ ಉಸಿರಾಡಿದರೆ ಆ ಕುಗ್ಗುವಿಕೆ ಚುರುಕಾಗುತ್ತದೆ, ಕ್ಷಯ ವಾಸಿಯಾದ ಮೇಲೂ ಉಳಿಯುವ ಗಾಯದ ಕಲೆಗಳು ಇನ್ನಷ್ಟನ್ನು ಕಸಿಯುತ್ತವೆ. ಈ ಹೆಚ್ಚುವರಿ ನಷ್ಟ ಅಕಾಲಕೃತ. ಎರಡೂ ಒಂದೇ ಶ್ವಾಸಕೋಶದಲ್ಲಿ ಬೆರೆತಿರುವುದರಿಂದ ಉಸಿರನ್ನು ಅಳೆಯುವ ಉಪಕರಣವು ಮೊತ್ತವನ್ನು ತೋರಿಸುತ್ತದೆಯೇ ಹೊರತು ಪಾಲುಗಳನ್ನಲ್ಲ; ಆದ್ದರಿಂದಲೇ ಐವತ್ತಕ್ಕೇ ಏದುಸಿರು ಬಿಡುವ ಕುಂಬಾರನಿಗೆ ವಯಸ್ಸಾಯಿತೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ.

ಬ್ರಿಟಿಷ್ ಚಿಂತಕ ಆಬ್ರಿ ಡಿ ಗ್ರೇ ಮುಪ್ಪನ್ನು ಏಳು ಬಗೆಯ ಜೈವಿಕ ಹಾನಿಗಳ ಶೇಖರಣೆಯೆಂದು ಬಗೆದು, ಹಾನಿಯನ್ನು ಹುಟ್ಟಿಸುವ ಚಯಾಪಚಯವನ್ನು, ಅಂದರೆ ಆಹಾರವನ್ನು ಶಕ್ತಿಯಾಗಿಯೂ ದೇಹವಾಗಿಯೂ ಮಾರ್ಪಡಿಸುವ ಕ್ರಿಯೆಯನ್ನು, ಪೂರ್ತಿ ಅರಿಯದಿದ್ದರೂ ಆ ಹಾನಿಯನ್ನು ಆಗಾಗ ದುರಸ್ತಿ ಮಾಡುತ್ತಿದ್ದರೆ ಸಾಕೆಂದು ವಾದಿಸುತ್ತಾರೆ. ಚಯಾಪಚಯ ನಿಂತರೆ ಜೀವವೇ ನಿಲ್ಲುವುದರಿಂದ ಕಾಲಕೃತ ಜರೆಯ ಮಟ್ಟಿಗೆ ಈ ವಾದವನ್ನು ಒಪ್ಪಬಹುದು. ಆದರೆ ಹೊಗೆಯು ಜೀವಕ್ಕೆ ಬೇಕಾದುದಲ್ಲ, ಅದರ ಮೂಲವನ್ನು ಮುಟ್ಟದೆ ಶ್ವಾಸಕೋಶವನ್ನಷ್ಟೇ ರಿಪೇರಿ ಮಾಡುವುದು ಹಾನಿಗೆ ಕಾರಣರಾದವರನ್ನು ಲೆಕ್ಕದಿಂದ ಬಿಟ್ಟಂತಾಗುತ್ತದೆ.

ಕಾಲಕೃತ ಜರೆಯೂ ಅಜೇಯವೆಂದು ಹೇಳಲಾಗದು. ರಾಪಾಮೈಸಿನ್ ಔಷಧವು ಇಳಿವಯಸ್ಸಿನಲ್ಲಿ ಕೊಟ್ಟಾಗಲೂ ಇಲಿಗಳ ಆಯುಷ್ಯವನ್ನು ಹೆಚ್ಚಿಸಿತೆಂದು 2009ರಲ್ಲಿ ಪ್ರಕಟವಾಯಿತು. ಆದರೆ ನಿಧಾನಿಸುವುದು ನಿಲ್ಲಿಸುವುದಲ್ಲ, ಮನುಷ್ಯರಲ್ಲಿ ಮುಪ್ಪನ್ನು ನಿಲ್ಲಿಸಿದ ಔಷಧ ಯಾವುದೂ ಇಲ್ಲ. ಅಕಾಲಕೃತ ಜರೆಯ ವಿಷಯದಲ್ಲಿಯಾದರೋ ವಿಜ್ಞಾನವು ತನ್ನ ಉತ್ತರವನ್ನು ಆಗಲೇ ಕೊಟ್ಟಿದೆ: ಹೊಗೆ ಕಡಿಮೆಯಾದ ಆವಿಗೆ, ಗಾಳಿಯಾಡುವ ಮನೆ, ಕ್ಷಯಕ್ಕೆ ಪೂರ್ಣಾವಧಿಯ ಚಿಕಿತ್ಸೆ. ಆ ಆವಿಗೆಯೇ ಕುಂಬಾರನ ಅನ್ನವೂ ಆಗಿರುವುದರಿಂದ, ಅದನ್ನು ಬದಲಾಯಿಸುವ ಖರ್ಚನ್ನು ಅವನೊಬ್ಬನ ತಲೆಗೆ ಕಟ್ಟದೆ ನಗರವೇ ಹೊರುವುದು ನ್ಯಾಯ.