ನೋಂಪಿ ನೋಂತವರ ಬಾಯಲ್ಲಿ ‘ದೇವರು’ ಎಂಬ ಮಾತು

ಚತುರ್ದಶಿಯ ಉಪವಾಸವನ್ನು ಮುಗಿಸಿದ ಶ್ರಾವಕನನ್ನು ನೆರೆಯವರು ‘ಉಪವಾಸ ಹೇಗಾಯಿತು?’ ಎಂದು ವಿಚಾರಿಸಿದರೆ, ‘ದೇವರ ದಯೆಯಿಂದ ನಿರ್ವಿಘ್ನವಾಗಿ ಆಯಿತು’ ಎಂಬ ಉತ್ತರವೇ ಸಹಜವಾಗಿ ಆತನ ಬಾಯಿಂದ ಹೊರಡುತ್ತದೆ. ಈ ಮಾತಿನಲ್ಲಿ ವಿನಯವಿದೆ, ಕೃತಜ್ಞತೆಯಿದೆ. ಆದರೆ ಜಿನಾಗಮವನ್ನು ಅಲ್ಪಸ್ವಲ್ಪ ಬಲ್ಲವನಿಗೂ ಇಲ್ಲಿ ಒಂದು ಪ್ರಶ್ನೆ ಏಳದೆ ಇರದು. ಯಾವ ದೇವರು? ಯಾವ ದಯೆ? ಲೋಕವನ್ನು ಸೃಷ್ಟಿಸಿ, ಜೀವರಿಗೆ ಸುಖದುಃಖಗಳನ್ನು ಹಂಚುವ ಕರ್ತೃವೊಬ್ಬನನ್ನು ನಮ್ಮ ದರ್ಶನವು ಒಪ್ಪುವುದಿಲ್ಲ. ಒಪ್ಪದವನ ದಯೆಯಿಂದ ನಮ್ಮ ವ್ರತ ನಡೆಯುವುದೆಂತು?

ಇದು ಕೇವಲ ಪಂಡಿತರ ವಾದಮಂಟಪದ ಪ್ರಶ್ನೆಯಲ್ಲ. ಹಸಿವಿನಿಂದ ನಿದ್ದೆ ಬಾರದ ರಾತ್ರಿಯಲ್ಲಿ ಜಪಮಣಿಯನ್ನು ಹಿಡಿದು ಕುಳಿತವನ ಮನಸ್ಸಿನಲ್ಲಿಯೂ ಇದು ಏಳುತ್ತದೆ. ‘ನಾನು ಯಾರನ್ನು ಕರೆಯುತ್ತಿದ್ದೇನೆ? ನನ್ನ ಕರೆಯನ್ನು ಕೇಳಿ ಬರುವವರು ಯಾರಾದರೂ ಇದ್ದಾರೆಯೆ? ಇಲ್ಲವಾದರೆ ಈ ಜಪವೇಕೆ?’ ಇಂತಹ ಶಂಕೆಯನ್ನು ಮನಸ್ಸಿನಲ್ಲಿಯೇ ಹುದುಗಿಸಿಕೊಂಡು ವ್ರತವನ್ನು ಆಚರಿಸುವ ಶ್ರಾವಕ-ಶ್ರಾವಿಕೆಯರು ಅನೇಕರಿದ್ದಾರೆ. ಆದುದರಿಂದ ‘ದೇವರು’ ಎಂಬ ಶಬ್ದವನ್ನು ವ್ರತದ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ.

ಕನ್ನಡ ಜೈನರ ಮನೆಮಾತಿನಲ್ಲಿ ಈ ಶಬ್ದ ಒಂದೇ ಅರ್ಥದಲ್ಲಿ ನಿಂತಿಲ್ಲ. ಬಸದಿಯ ಗರ್ಭಗೃಹದಲ್ಲಿರುವ ಪಾರ್ಶ್ವನಾಥಸ್ವಾಮಿ ದೇವರು. ಹೊರಗಿನ ಕ್ಷೇತ್ರಪಾಲನೂ ದೇವರು. ಹೊಂಬುಜದ ಪದ್ಮಾವತಿ, ಸಿಂಹನಗದ್ದೆಯ ಜ್ವಾಲಾಮಾಲಿನಿ, ಶ್ರವಣಬೆಳಗೊಳದ ಕೂಷ್ಮಾಂಡಿನಿ ಇವರೂ ದೇವರು. ನವದೇವತೆಗಳನ್ನು ಎಣಿಸುವಾಗ ಪಂಚಪರಮೇಷ್ಠಿಗಳೊಡನೆ ಜಿನಧರ್ಮ, ಜಿನಾಗಮ, ಜಿನಚೈತ್ಯ, ಜಿನಚೈತ್ಯಾಲಯಗಳನ್ನೂ ದೇವತೆಗಳೆಂದೇ ಪೂಜಿಸುತ್ತೇವೆ. ಧರ್ಮವೂ ಗ್ರಂಥವೂ ದೇವತೆಯಾಗಬಲ್ಲ ಈ ಪರಂಪರೆಯಲ್ಲಿ ‘ದೇವ’ ಎಂದರೆ ಪೂಜ್ಯತೆಯನ್ನು ಸೂಚಿಸುವ ಮಾತೇ ಹೊರತು, ಲೋಕವನ್ನು ಆಳುವ ಒಡೆಯನ ಹೆಸರಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಶಾಸ್ತ್ರದ ಪರಿಭಾಷೆಯಲ್ಲಿ ಈ ಶಬ್ದಕ್ಕೆ ಇನ್ನೊಂದು ಅರ್ಥವೂ ಇದೆ. ಮನುಷ್ಯ, ತಿರ್ಯಂಚ, ನಾರಕ, ದೇವ ಎಂಬ ನಾಲ್ಕು ಗತಿಗಳಲ್ಲಿ ದೇವಗತಿಯೂ ಒಂದು. ಸ್ವರ್ಗದ ದೇವರು ದೀರ್ಘಾಯುಗಳು, ವೈಭವಶಾಲಿಗಳು. ಆದರೂ ಅವರು ಸಂಸಾರಿಗಳೇ. ಆಯುಷ್ಯ ತೀರಿದೊಡನೆ ಅವರೂ ಅಲ್ಲಿಂದ ಜಾರಬೇಕು. ವ್ರತಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೆಂದರೆ, ಈ ದೇವರಿಗೆ ವ್ರತವೇ ಸಾಧ್ಯವಿಲ್ಲ. ಅವರು ಸಮ್ಯಗ್ದೃಷ್ಟಿಗಳಾಗಿದ್ದರೂ ನಾಲ್ಕನೆಯ ಗುಣಸ್ಥಾನವನ್ನು ದಾಟಲಾರರು. ಸಾವಿರಾರು ವರ್ಷಗಳಿಗೊಮ್ಮೆ ಮಾನಸಿಕ ಆಹಾರದಿಂದಲೇ ತೃಪ್ತರಾಗುವ ಅವರಿಗೆ ಹಸಿವಿನ ಬಾಧೆಯೂ ಇಲ್ಲ, ಹಸಿವನ್ನು ಗೆಲ್ಲುವ ತಪಸ್ಸೂ ಇಲ್ಲ. ಐದನೆಯ ಗುಣಸ್ಥಾನದ ಅಣುವ್ರತವು ಸಂಜ್ಞಿಯಾದ ಪಶುವಿಗೂ ಲಭ್ಯ, ಇಂದ್ರನಿಗೆ ಅಲಭ್ಯ. ಹೀಗಿರುವಾಗ ಒಂದು ದಿನದ ಉಪವಾಸಕ್ಕಾಗಿ ಸ್ವರ್ಗದ ದೇವರ ಬಲವನ್ನು ಬೇಡುವುದು, ತನ್ನಲ್ಲಿಲ್ಲದುದನ್ನು ಕೊಡೆಂದು ಒಬ್ಬನನ್ನು ಕೇಳಿದಂತೆ. ಈ ವಿಷಯದಲ್ಲಿ ನಮ್ಮ ಮನೆಯ ಹಿರಿಯ ಅಜ್ಜಿಯು ಸೌಧರ್ಮೇಂದ್ರನಿಗಿಂತ ಮೇಲಿನ ಮೆಟ್ಟಿಲಿನಲ್ಲಿದ್ದಾಳೆ.

ಇನ್ನು ಕರ್ತೃವಾದ ಈಶ್ವರನ ವಿಚಾರ. 9ನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ‘ಆದಿಪುರಾಣ’ದಲ್ಲಿ ಸೃಷ್ಟಿಕರ್ತೃವಾದವನ್ನು ವಿಸ್ತಾರವಾಗಿ ಖಂಡಿಸಿದ್ದಾರೆ. ಕೃತಕೃತ್ಯನಾದವನಿಗೆ ಸೃಷ್ಟಿಸುವ ಬಯಕೆ ಏಕೆ ಹುಟ್ಟಬೇಕು, ಬಯಕೆಯಿದ್ದರೆ ಆತ ಕೃತಕೃತ್ಯನೆನಿಸುವುದೆಂತು ಎಂಬುದು ಅವರ ವಾದದ ಒಂದು ಎಳೆ. ಆದರೂ ನೆರೆಹೊರೆಯ ಸಹವಾಸದಲ್ಲಿ ಬಾಳುವ ನಮಗೆ ಈ ಭೇದ ಮಸುಕಾಗುವುದು ಸಹಜ. ಶೈವರು ಶಿವನೆಂದೂ, ವೇದಾಂತಿಗಳು ಬ್ರಹ್ಮವೆಂದೂ, ಬೌದ್ಧರು ಬುದ್ಧನೆಂದೂ, ನೈಯಾಯಿಕರು ಕರ್ತೃವೆಂದೂ, ಜೈನರು ಅರ್ಹಂತನೆಂದೂ, ಮೀಮಾಂಸಕರು ಕರ್ಮವೆಂದೂ ಉಪಾಸಿಸುವವನು ಒಬ್ಬನೇ ಎನ್ನುವ ಶ್ಲೋಕವೊಂದು ನಮ್ಮ ನಾಡಿನಲ್ಲಿ ಸುಪ್ರಸಿದ್ಧವಾಗಿದೆ. ಅದರ ಔದಾರ್ಯಕ್ಕೆ ನಾವು ತಲೆಬಾಗಬೇಕು. ಆದರೆ ಆ ಮೂರು ಲೋಕದ ಒಡೆಯನು ಬಯಸಿದ ಫಲವನ್ನು ಕೊಡಲಿ ಎಂದು ಆ ಶ್ಲೋಕ ಮುಗಿಯುತ್ತದೆ. ನಮ್ಮ ದಾರಿ ಕವಲೊಡೆಯುವುದು ಅಲ್ಲಿಯೇ. ಅರ್ಹಂತನು ಬಯಸಿದ ಫಲವನ್ನು ಕೊಡುವವನಲ್ಲ, ಬಯಕೆಯನ್ನು ಗೆದ್ದವನು.

ವಿಂಧ್ಯಗಿರಿಯ ಮೇಲೆ 981ರಿಂದ ನಿಂತಿರುವ ಬಾಹುಬಲಿಸ್ವಾಮಿಯ ಮೂರ್ತಿಯನ್ನು ಈ ದೃಷ್ಟಿಯಿಂದ ನೋಡಬೇಕು. ಸುಮಾರು 58 ಅಡಿ ಎತ್ತರದ ಆ ಮೂರ್ತಿಯ ಕೈಗಳು ಅಭಯವನ್ನು ಸೂಚಿಸುವುದಿಲ್ಲ, ವರವನ್ನು ನೀಡುವುದಿಲ್ಲ, ಆಯುಧವನ್ನು ಹಿಡಿದಿಲ್ಲ. ಕಾಯೋತ್ಸರ್ಗದಲ್ಲಿ ಅವು ಸುಮ್ಮನೆ ಇಳಿಬಿದ್ದಿವೆ. ಕೊಡುವುದಕ್ಕೂ ಪಡೆಯುವುದಕ್ಕೂ ಚಾಚದ ಕೈಗಳವು. ಆ ಮಹಾಯೋಗಿಯು ಒಂದು ವರ್ಷ ನಿರಾಹಾರನಾಗಿ ನಿಂತರೂ, ಭರತನನ್ನು ಕುರಿತ ಒಂದು ಎಳೆಯ ಭಾವ ಮನಸ್ಸಿನಲ್ಲಿ ಉಳಿದಿದ್ದ ತನಕ ಕೇವಲಜ್ಞಾನ ಉದಯಿಸಲಿಲ್ಲವೆಂದು ಪುರಾಣವು ಹೇಳುತ್ತದೆ. ಫಲವನ್ನು ತಡೆದವನು ಹೊರಗಿನ ದೇವನಲ್ಲ, ತಡೆ ಒಳಗಿತ್ತು. ಅದು ಕಳಚಿದಾಗ ಕೊಟ್ಟವನೂ ಹೊರಗಿನವನಲ್ಲ.

ಹಾಗಾದರೆ ಸ್ತುತಿಪೂಜೆಗಳೇಕೆ? ಸಮಂತಭದ್ರಾಚಾರ್ಯರು ‘ಸ್ವಯಂಭೂಸ್ತೋತ್ರ’ದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ವೀತರಾಗನಾದ ಜಿನನಿಗೆ ಪೂಜೆಯಿಂದ ಆಗಬೇಕಾದುದು ಏನೂ ಇಲ್ಲ. ವೈರವನ್ನು ತೊರೆದ ಆತನಿಗೆ ನಿಂದೆಯಿಂದ ಆಗುವುದೂ ಏನಿಲ್ಲ. ಆದರೂ ಆತನ ಗುಣಸ್ಮರಣೆಯು ನಮ್ಮ ಚಿತ್ತವನ್ನು ತೊಳೆಯುತ್ತದೆ ಎಂಬುದು ಅದರ ತಾತ್ಪರ್ಯ. ಕೇಳುವವರಿಲ್ಲದ ಮಾತ್ರಕ್ಕೆ ಕರೆಯು ವ್ಯರ್ಥವಾಗುವುದಿಲ್ಲ. ಅದು ಕರೆಯುವವನನ್ನೇ ತಿದ್ದುತ್ತದೆ.

ಈಗ ವ್ರತಕ್ಕೂ ಹರಕೆಗೂ ಇರುವ ಅಂತರವನ್ನು ವಿಚಾರಿಸೋಣ. ಹರಕೆಯಲ್ಲಿ ಇಬ್ಬರಿರುತ್ತಾರೆ: ಕೇಳುವವನೊಬ್ಬ, ಕೊಡುವವನೊಬ್ಬ. ‘ನೀನು ಇದನ್ನು ನಡೆಸಿಕೊಟ್ಟರೆ ನಾನು ಅದನ್ನು ಸಲ್ಲಿಸುತ್ತೇನೆ’ ಎಂಬ ಕರಾರು ಅಲ್ಲಿದೆ. ವ್ರತದಲ್ಲಿ ಕರಾರಿಲ್ಲ. ಶಲ್ಯರಹಿತನೇ ವ್ರತಿ ಎಂದು ‘ತತ್ತ್ವಾರ್ಥಸೂತ್ರ’ವು ವಿಧಿಸುತ್ತದೆ. ಮಾಯೆ, ಮಿಥ್ಯಾತ್ವ, ನಿದಾನ ಇವು ಮೂರು ಶಲ್ಯಗಳು. ನಿದಾನವೆಂದರೆ ಭೋಗಫಲದ ಆಕಾಂಕ್ಷೆ. ಕಾಲಿನಲ್ಲಿ ಮುರಿದ ಮುಳ್ಳಿನಂತೆ ಅದು ಹೊರಗೆ ಕಾಣದು, ಹೆಜ್ಜೆಹೆಜ್ಜೆಗೂ ಚುಚ್ಚುತ್ತಿರುತ್ತದೆ. ‘ದೇವರು’ ಎಂಬ ಶಬ್ದವು ದಾತೃವೆಂಬ ಅರ್ಥದಲ್ಲಿ ವ್ರತದೊಳಗೆ ಕಾಲಿಟ್ಟ ಕ್ಷಣವೇ ನಿದಾನವೂ ಅದರ ಬೆನ್ನಿಗೆ ಬರುತ್ತದೆ. ಶಾಸನದೇವತೆಗಳನ್ನು ಜಿನಭಕ್ತರೆಂದು ಗೌರವಿಸುವುದು ಬೇರೆ. ವರದ ಆಸೆಯಿಂದ ರಾಗದ್ವೇಷಯುಕ್ತರಾದ ದೇವತೆಗಳನ್ನು ಆರಾಧಿಸುವುದು ಬೇರೆ. ಎರಡನೆಯದನ್ನು ಸಮಂತಭದ್ರರು ‘ರತ್ನಕರಂಡಕ’ದಲ್ಲಿ ದೇವಮೂಢತೆಯೆಂದು ಕರೆದಿದ್ದಾರೆ.

ಇಷ್ಟನ್ನು ಹೇಳುವುದು ಸುಲಭ. ಆದರೆ ಮಗು ಜ್ವರದಿಂದ ನರಳುತ್ತಿರುವಾಗ ತಾಯಿಯೊಬ್ಬಳು ಅನ್ನವನ್ನು ಬಿಟ್ಟು ‘ದೇವರೇ, ಇದನ್ನು ಉಳಿಸು’ ಎಂದು ಕುಳಿತರೆ, ಆಕೆಯ ಮುಂದೆ ನಿದಾನಶಲ್ಯದ ವ್ಯಾಖ್ಯಾನವನ್ನು ಮಾಡುವುದು ಕ್ರೌರ್ಯವೇ ಸರಿ. ಆಕೆಯ ಬಾಯಿಂದ ಬಂದುದು ಸಿದ್ಧಾಂತವಲ್ಲ, ಆರ್ತನಾದ. ಮೊದಲು ವೈದ್ಯನನ್ನು ಕರೆತರಬೇಕು, ಆಕೆಯ ಬಳಿ ಕುಳಿತುಕೊಳ್ಳಬೇಕು. ಶಾಸ್ತ್ರಕ್ಕೆ ಅದು ಸಮಯವಲ್ಲ. ಆದರೆ ಮುಂದಿನದನ್ನೂ ಯೋಚಿಸಬೇಕು. ಮಗು ಉಳಿಯದೆ ಹೋದರೆ ಆ ತಾಯಿಗೆ ಉಳಿಯುವ ಅರ್ಥಗಳು ಎರಡೇ. ದೇವರು ನಿರ್ದಯನು, ಇಲ್ಲವೆ ತನ್ನ ಉಪವಾಸದಲ್ಲಿ ದೋಷವಿತ್ತು. ಮೊದಲನೆಯದು ಆಕೆಯ ಶ್ರದ್ಧೆಯನ್ನು ಕೆಡಿಸುತ್ತದೆ. ಎರಡನೆಯದು ಜೀವನಪರ್ಯಂತ ಆಕೆಯನ್ನು ಸುಡುತ್ತದೆ. ದಾತೃವೆಂಬ ಅರ್ಥವನ್ನು ಒಪ್ಪಿದವರಿಗೆ ಈ ಇಕ್ಕಟ್ಟಿನಿಂದ ಬಿಡುಗಡೆ ಕಷ್ಟ. ಯಾರೂ ನಿನ್ನನ್ನು ಶಿಕ್ಷಿಸಲಿಲ್ಲ, ಯಾರೂ ನಿನ್ನ ಉಪವಾಸವನ್ನು ತೂಗಿ ತಿರಸ್ಕರಿಸಲಿಲ್ಲ ಎಂದು ಹೇಳಬಲ್ಲ ಧರ್ಮ ನಮ್ಮದು. ಇದು ಸಣ್ಣ ಸಾಂತ್ವನವಲ್ಲ.

ಇಲ್ಲಿ ನಾವು ಮತ್ತೊಂದು ತಪ್ಪಿಗೆ ಎಡೆಗೊಡಬಾರದು. ದೇವರ ಸ್ಥಾನದಲ್ಲಿ ಕರ್ಮವನ್ನು ಕುಳ್ಳಿರಿಸಿ, ‘ಅದು ನಿನ್ನ ಕರ್ಮ’ ಎಂದು ದುಃಖಿತರಿಗೆ ತೀರ್ಪು ಕೊಡುವವರಿದ್ದಾರೆ. ಪರರ ಕರ್ಮದ ಲೆಕ್ಕವನ್ನು ಕೇವಲಿಯ ಹೊರತು ಪ್ರತ್ಯಕ್ಷವಾಗಿ ಬಲ್ಲವರಾರು? ಕರ್ಮಸಿದ್ಧಾಂತವು ತನ್ನನ್ನು ತಿದ್ದಿಕೊಳ್ಳುವುದಕ್ಕಾಗಿ ಇರುವುದೇ ಹೊರತು ನೆರೆಯವರ ಗಾಯಕ್ಕೆ ಉಪ್ಪು ಸವರುವುದಕ್ಕಲ್ಲ.

ಈ ಎಲ್ಲ ತೊಡಕುಗಳಿಂದ ಬೇಸತ್ತು, ‘ದೇವರು’ ಎಂಬ ಶಬ್ದವನ್ನೇ ಬಿಟ್ಟರಾಗದೆ ಎಂದು ಕೆಲವರು ಕೇಳುತ್ತಾರೆ. ತರ್ಕದೃಷ್ಟಿಯಿಂದ ಅದು ಸಾಧುವೆನಿಸಬಹುದು. ಆದರೆ ಶಬ್ದವನ್ನು ಬಿಟ್ಟವನ ಮನಸ್ಸಿನಲ್ಲಿ ಬರಿದಾದ ಪೀಠವು ಬರಿದಾಗಿಯೇ ಉಳಿಯುವುದು ವಿರಳ. ‘ದೇವರ ದಯೆಯಿಂದ ಆಯಿತು’ ಎನ್ನುವುದನ್ನು ತೊರೆದವನು ‘ನನ್ನ ಬಲದಿಂದ ಆಯಿತು’ ಎನ್ನತೊಡಗಿದರೆ ಪೀಠವನ್ನೇರಿದವನು ಅಹಂಕಾರ. ಎಂಟು ಮದಗಳಲ್ಲಿ ತಪೋಮದವೂ ಒಂದೆಂದು ಆಚಾರ್ಯರು ಎಣಿಸಿರುವುದು ಸುಮ್ಮನೆ ಅಲ್ಲ. ದಶಲಕ್ಷಣಪರ್ವದಲ್ಲಿ ಹತ್ತು ದಿನ ನಿರಾಹಾರನಾಗಿದ್ದು, ಏಕಭುಕ್ತ ಮಾಡಿದ ವೃದ್ಧನನ್ನು ಕಡೆಗಣ್ಣಿನಿಂದ ನೋಡಿದವನು ಹೊಟ್ಟೆಯನ್ನು ಒಣಗಿಸಿದನೇ ಹೊರತು ಮಾನಕಷಾಯವನ್ನು ಒಣಗಿಸಲಿಲ್ಲ.

ಹೀಗೆ ಈ ಒಂದು ಶಬ್ದವು ಎರಡು ಕೆಲಸಗಳನ್ನು ಮಾಡುತ್ತಿದೆ: ಒಂದು ಬೇಡುವುದು, ಇನ್ನೊಂದು ಬಾಗುವುದು. ಬೇಡುವುದನ್ನು ಬಿಟ್ಟು ಬಾಗುವುದನ್ನು ಉಳಿಸಿಕೊಳ್ಳುವುದು ಸಾಧ್ಯವೆ ಎಂಬುದೇ ನಿಜವಾದ ಪ್ರಶ್ನೆ. ಸಾಧ್ಯವೆಂಬುದಕ್ಕೆ ನಾವು ದಿನವೂ ಪಠಿಸುವ ಪಂಚನಮಸ್ಕಾರ ಮಂತ್ರವೇ ಪ್ರಮಾಣ. ಅದರಲ್ಲಿ ಅರ್ಹಂತರಿಗೆ, ಸಿದ್ಧರಿಗೆ, ಆಚಾರ್ಯರಿಗೆ, ಉಪಾಧ್ಯಾಯರಿಗೆ, ಸರ್ವಸಾಧುಗಳಿಗೆ ನಮಸ್ಕಾರವಿದೆ. ಐದು ಪದಗಳಲ್ಲಿ ಒಬ್ಬ ವ್ಯಕ್ತಿಯ ಹೆಸರೂ ಇಲ್ಲ. ಒಂದು ಬೇಡಿಕೆಯೂ ಇಲ್ಲ. ಆರೋಗ್ಯವನ್ನು ಕೊಡು, ಸಂಪತ್ತನ್ನು ಕೊಡು ಎಂಬುದಿರಲಿ, ಮೋಕ್ಷವನ್ನು ಕೊಡು ಎಂದೂ ಅಲ್ಲಿ ಕೇಳಿಲ್ಲ. ಬಾಗುವುದೇ ಅಲ್ಲಿ ಪ್ರಾರ್ಥನೆಯ ಆದಿ, ಬಾಗುವುದೇ ಅಂತ್ಯ.

ವ್ರತವನ್ನು ಸ್ವೀಕರಿಸುವ ವಿಧಿಯೂ ಇದೇ ಮಾರ್ಗವನ್ನು ತೋರಿಸುತ್ತದೆ. ಅಲ್ಲಿ ಅರ್ಹಂತರು, ಸಿದ್ಧರು, ಸಾಧುಗಳು ಇವರ ಸಾಕ್ಷಿಯನ್ನು ಹೇಳಿ, ಅದರೊಡನೆ ಆತ್ಮಸಾಕ್ಷಿಯನ್ನೂ ಸೇರಿಸುತ್ತೇವೆ. ಸಾಕ್ಷಿಯಾದವನು ವ್ಯವಹಾರದಲ್ಲಿ ಪಾಲುಗಾರನಲ್ಲ; ಆತ ಕೊಡುವುದಿಲ್ಲ, ಕೊಳ್ಳುವುದಿಲ್ಲ, ಸುಮ್ಮನೆ ಕಾಣುತ್ತಾನೆ. ಆದರೂ ಸಾಕ್ಷಿಯಿದ್ದೆಡೆ ಮನುಷ್ಯನ ನಡತೆ ಬೇರೆಯಾಗುತ್ತದೆ. ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಒಂದು ಗುಟುಕು ನೀರಿಗೆ ಕೈ ಚಾಚಿದ ಉಪವಾಸಿಯನ್ನು ಹಿಂದಕ್ಕೆ ಎಳೆಯುವುದು ಶಿಕ್ಷೆಯ ಭಯವಾದರೆ ಅದು ಸೇವಕನ ವ್ರತ. ಬಹುಮಾನದ ಆಸೆಯಾದರೆ ವ್ಯಾಪಾರಿಯ ವ್ರತ. ಸಾಕ್ಷಿಯ ಸ್ಮರಣೆಯಾದರೆ ಅದು ಶ್ರಾವಕನ ವ್ರತ.

ಆದುದರಿಂದ ಶಂಕೆಯಿಂದ ತೊಳಲುವ ಧರ್ಮಬಂಧುಗಳು ‘ದೇವರು’ ಎಂಬ ಮಾತಿಗೆ ಅಂಜಬೇಕಾಗಿಲ್ಲ. ಅದನ್ನು ನಾಲಿಗೆಯಿಂದ ಕಿತ್ತುಹಾಕಲೂ ಬೇಕಾಗಿಲ್ಲ. ಆ ಮಾತನ್ನು ಆಡಿದಾಗಲೆಲ್ಲ, ಇದರಿಂದ ನಾನು ಬೇಡಿದೆನೆ, ಬಾಗಿದೆನೆ ಎಂದು ತಮ್ಮನ್ನು ತಾವೇ ಕೇಳಿಕೊಂಡರೆ ಸಾಕು. ಬೇಡಿದ್ದರೆ ಮುಳ್ಳನ್ನು ಮೆಲ್ಲನೆ ತೆಗೆಯಬೇಕು. ಬಾಗಿದ್ದರೆ ಅದು ತಾನಾಗಿಯೇ ಅರ್ಹಂತನ ಗುಣದ ಕಡೆಗೆ, ಆ ಮೂಲಕ ತನ್ನದೇ ಆತ್ಮದ ಕಡೆಗೆ ತಿರುಗಿರುತ್ತದೆ. ಮುಂದಿನ ಪರ್ವದಲ್ಲಿ ಪ್ರತ್ಯಾಖ್ಯಾನವನ್ನು ಸ್ವೀಕರಿಸುವಾಗ ‘ದೇವರೇ, ನಡೆಸಿಕೊಡು’ ಎಂಬ ಮಾತಿನ ಸ್ಥಾನದಲ್ಲಿ ‘ದೇವರೇ, ಸಾಕ್ಷಿಯಾಗಿರು’ ಎಂದು ನುಡಿದು ನೋಡಲಿ. ಶಬ್ದ ಅದೇ, ವ್ರತದ ಭಾರವನ್ನು ಹೊರುವ ಹೆಗಲು ಮಾತ್ರ ನಮ್ಮದಾಗುತ್ತದೆ.